ಕಥೆ ಅರ್ಧಕ್ಕೆ ನಿಲ್ಲದಂತೆ ಬರೆಯುವುದು ಹೇಗೆ

ಅರ್ಧಕ್ಕೆ ಬಿಟ್ಟ ಕಥೆಗಳನ್ನು ಹೊರತೆಗೆದು ನೋಡಿ. ಮೊದಲ ಪುಟ ಉಜ್ಜಿ ಹೊಳಪು ಕೊಟ್ಟಂತೆ ಇರುತ್ತದೆ. ಎರಡನೆಯದು ಪರವಾಗಿಲ್ಲ. ಮೂರನೆಯ ಪುಟದ ನಡುವೆ ಎಲ್ಲೋ ಬರಹ ನಿಂತಿರುತ್ತದೆ. ಸ್ಫೂರ್ತಿ ಬತ್ತಿತು ಎಂದು ಹೇಳಿಕೊಳ್ಳುವುದು ಸುಲಭ, ಆದರೆ ಸಾಮಾನ್ಯವಾಗಿ ಆಗಿರುವುದು ಬೇರೆ. ಭಾನುವಾರ ಒಂದಿಷ್ಟು ಬರೆದು ಎದ್ದಿರುತ್ತೇವೆ. ಮುಂದಿನ ಶನಿವಾರ ಮತ್ತೆ ಕೂತಾಗ ಕಥೆ ತಲೆಯಿಂದ ಜಾರಿರುತ್ತದೆ. ಅದರೊಳಗೆ ಹೋಗಲಿಕ್ಕೆಂದು ಮೊದಲಿನಿಂದ ಓದುತ್ತೇವೆ, ಓದುತ್ತ ಮೊದಲ ವಾಕ್ಯ ತಿದ್ದುತ್ತೇವೆ, ಎರಡನೆಯದನ್ನೂ ತಿದ್ದುತ್ತೇವೆ, ಅಷ್ಟರಲ್ಲಿ ಇದ್ದ ಹೊತ್ತು ಮುಗಿಯುತ್ತದೆ. ಮುಂದಿನ ಸಲವೂ ಇದೇ. ಮೊದಲ ಪುಟ ಹತ್ತು ಸಲ ತಿದ್ದಿಸಿಕೊಳ್ಳುತ್ತದೆ, ಮೂರನೆಯ ಪುಟಕ್ಕೆ ಸರದಿಯೇ ಬರುವುದಿಲ್ಲ.

ಹಾಗಾಗಿ ಬರವಣಿಗೆಯ ಅಭ್ಯಾಸ ಎಂದರೆ ಬಹುಪಾಲು ಒಂದೇ ಕೆಲಸ: ಇವತ್ತು ಎದ್ದ ಜಾಗಕ್ಕೆ ನಾಳೆ ಬೇಗ ವಾಪಸು ಬರುವಂತೆ ನೋಡಿಕೊಳ್ಳುವುದು. ಕೆಳಗಿನ ಹಂತಗಳಲ್ಲಿ ಹೆಚ್ಚಿನವು ಅದಕ್ಕಾಗಿಯೇ ಇರುವಂಥವು. ಲೆಕ್ಕಕ್ಕೆ ಒಂದು ಸಣ್ಣಕಥೆ, ಸುಮಾರು 2500 ಪದದ್ದು, ಇಟ್ಟುಕೊಂಡಿದ್ದೇವೆ.

ಹೊತ್ತು ಮತ್ತು ಅಳತೆ

ದಿನಕ್ಕೆ 45 ನಿಮಿಷ, ವಾರಕ್ಕೆ ಐದು ದಿನ. ಕೆಲಸಕ್ಕೆ ಹೋಗುವವರಿಗೂ ಮನೆ ನೋಡಿಕೊಳ್ಳುವವರಿಗೂ ದಕ್ಕುವ ಅಳತೆ ಇದು. ರಜೆಯ ದಿನ ಒಂದೇ ಸಲ ನಾಲ್ಕು ಗಂಟೆ ಕೂರುವುದಕ್ಕಿಂತ ಇದು ಮೇಲು. ನಾಲ್ಕು ಗಂಟೆಯ ಕೊನೆಯ ಎರಡು ಗಂಟೆಯಲ್ಲಿ ಬರೆದದ್ದನ್ನು ಹೆಚ್ಚಿನ ಸಲ ಕಿತ್ತು ಹಾಕಬೇಕಾಗುತ್ತದೆ. ಅದಕ್ಕಿಂತ ದೊಡ್ಡ ನಷ್ಟ ಆಮೇಲಿನ ಆರು ದಿನಗಳ ಬಿಡುವು. ಎರಡು ದಿನಕ್ಕಿಂತ ಹೆಚ್ಚು ಕಥೆಯಿಂದ ದೂರ ಇರಬೇಡಿ. ಏನೂ ಬರೆಯಲಾಗದ ದಿನ ಹತ್ತು ನಿಮಿಷ ಕೂತು ನಿನ್ನೆಯ ಕೊನೆಯ ಪುಟ ಓದಿ ಎದ್ದರೂ ಸಾಕು.

45 ನಿಮಿಷಕ್ಕೆ 250ರಿಂದ 300 ಪದ ಗುರಿ ಇರಲಿ. ಈ ಲೆಕ್ಕದಲ್ಲಿ 2500 ಪದದ ಕಥೆಯ ಮೊದಲ ಕರಡು ಎರಡು ವಾರದಲ್ಲಿ ಮುಗಿಯುತ್ತದೆ. ಇಂಗ್ಲಿಷ್ ಬರಹಗಾರರ ಗುರಿಗಳನ್ನು ನೋಡಿ ಗಾಬರಿಯಾಗಬೇಕಿಲ್ಲ. 30 ದಿನಕ್ಕೆ 50,000 ಪದ, ಅಂದರೆ ದಿನಕ್ಕೆ ಸುಮಾರು 1667 ಎಂಬ ಲೆಕ್ಕ ಬಹಳ ಕಡೆ ಓಡಾಡುತ್ತದೆ. ನಮ್ಮಲ್ಲಿ ವಿಭಕ್ತಿ, ಕಾಲ, ಲಿಂಗ, ವಚನ ಎಲ್ಲ ಪದಕ್ಕೇ ಅಂಟಿಕೊಳ್ಳುವುದರಿಂದ ಅದೇ ದೃಶ್ಯ ಕನ್ನಡದಲ್ಲಿ ಕಡಿಮೆ ಪದಗಳಲ್ಲಿ ಮುಗಿಯುತ್ತದೆ. ಆ ಸಂಖ್ಯೆಯನ್ನು ಹಾಗೇ ಎತ್ತಿಕೊಂಡರೆ ಕಥೆಗೆ ಬೇಡದ ಮಾತು ತುಂಬುವ ಚಟ ಹತ್ತುತ್ತದೆ.

ಹತ್ತೊಂಬತ್ತನೇ ಶತಮಾನದ ಕಾದಂಬರಿಕಾರ ಆಂಟನಿ ಟ್ರಾಲಪ್ ಅಂಚೆ ಇಲಾಖೆಯ ನೌಕರಿ ಮಾಡುತ್ತಲೇ ಬೆಳಗಿನ ಜಾವ ಎದ್ದು ಬರೆಯುತ್ತಿದ್ದವನು. ಗಡಿಯಾರ ಮುಂದಿಟ್ಟುಕೊಂಡು ಕಾಲು ಗಂಟೆಗೆ 250 ಪದ ಎಂಬ ಲೆಕ್ಕ ಹಾಕಿಕೊಂಡಿದ್ದ. 1883ರಲ್ಲಿ ಬಂದ ಅವನ ಆತ್ಮಕಥೆಯಲ್ಲಿ ಇದರ ವಿವರ ಇದೆ. ಆ ವೇಗ ಎಲ್ಲರಿಗೂ ಬರುವಂಥದ್ದಲ್ಲ, ಬರಬೇಕಾಗಿಯೂ ಇಲ್ಲ. ನಾವು ಎತ್ತಿಕೊಳ್ಳಬೇಕಾದ್ದು ಅವನ ಇನ್ನೆರಡು ರೂಢಿಗಳನ್ನು: ಪ್ರತಿದಿನ ಮೊದಲ ಅರ್ಧ ಗಂಟೆ ಹಿಂದಿನ ದಿನ ಬರೆದದ್ದನ್ನು ಮಾತ್ರ ಓದುತ್ತಿದ್ದ, ಮತ್ತು ದಿನಕ್ಕೆ ಎಷ್ಟು ಪುಟವಾಯಿತು ಎಂದು ಒಂದು ದಿನಚರಿಯಲ್ಲಿ ಗುರುತು ಹಾಕಿಡುತ್ತಿದ್ದ.

ಆ ಗುರುತು ಹಾಕುವುದನ್ನು ನೀವೂ ಮಾಡಿ. ದಿನಾಂಕ, ಕೂತ ನಿಮಿಷ, ಪದ, ಇಷ್ಟು ಸಾಕು. ಒಂದು ತಿಂಗಳ ಮೇಲೆ ನೋಡಿದರೆ ಯಾವ ಹೊತ್ತಿನಲ್ಲಿ ಕೈ ಓಡುತ್ತದೆ, ಯಾವ ದಿನ ಕೂತರೂ ಉಪಯೋಗವಿಲ್ಲ ಎಂಬುದು ನಿಮ್ಮ ಕಲ್ಪನೆಗಿಂತ ಬೇರೆಯಾಗಿಯೇ ಕಾಣುತ್ತದೆ. ತಪ್ಪಿದ ದಿನದ ಪದಗಳನ್ನು ಮರುದಿನದ ಲೆಕ್ಕಕ್ಕೆ ಸೇರಿಸಬೇಡಿ. ಮೂರು ದಿನ ತಪ್ಪಿ ನಾಲ್ಕನೆಯ ದಿನ 1200 ಪದದ ಸಾಲ ಎದುರಿಗಿದ್ದರೆ ಕೂರುವ ಮನಸ್ಸೇ ಬರುವುದಿಲ್ಲ. ತಪ್ಪಿದ್ದು ತಪ್ಪಿತು, ಇವತ್ತಿನದು 250.

ಜಾಗದ ಬಗ್ಗೆ ಹೇಳುವುದು ಕಡಿಮೆ. ದಿನಾ ಒಂದೇ ಜಾಗ, ಫೋನು ಇನ್ನೊಂದು ಕೋಣೆಯಲ್ಲಿ. ಪೆನ್ನೋ ಕೀಬೋರ್ಡೋ ಎಂಬುದಕ್ಕೆ ಒಂದೇ ಪರೀಕ್ಷೆ: ಯಾವುದರಲ್ಲಿ ನೀವು ಕಡಿಮೆ ಅಳಿಸುತ್ತೀರೋ ಅದರಲ್ಲಿ ಮೊದಲ ಕರಡು ಬರೆಯಿರಿ. ಕನ್ನಡ ಟೈಪಿಂಗ್ ಕೈಗೆ ಹತ್ತದಿದ್ದರೆ ಒತ್ತಕ್ಷರ ಹುಡುಕುವುದರಲ್ಲೇ ವಾಕ್ಯ ಮರೆತುಹೋಗುತ್ತದೆ. ಅಂಥವರಿಗೆ ಹಾಳೆಯೇ ಸರಿ. ಬಾಯಲ್ಲಿ ಹೇಳಿ ಫೋನಿನಲ್ಲಿ ಟೈಪ್ ಮಾಡಿಸುವುದು ಸಂಭಾಷಣೆಗೆ ಒದಗುತ್ತದೆ. ಆದರೆ ವಾಕ್ಯ ಎಲ್ಲಿ ಮುಗಿಯಿತು, ಯಾರು ಯಾವ ಮಾತು ಆಡಿದರು ಎಂದು ಅದೇ ದಿನ ಗುರುತು ಹಾಕಿಡಿ. ವಾರ ಕಳೆದರೆ ನಿಮಗೇ ತಿಳಿಯುವುದಿಲ್ಲ.

ಏಳುವ ಮೊದಲು ಮೂರು ಸಾಲು

ಇಡೀ ಲೇಖನದಿಂದ ಒಂದನ್ನೇ ಒಯ್ಯುವುದಾದರೆ ಇದನ್ನು ಒಯ್ಯಿರಿ. 45 ನಿಮಿಷದ ಕೊನೆಯ ಐದು ನಿಮಿಷ ಕಥೆ ಬರೆಯುವುದನ್ನು ನಿಲ್ಲಿಸಿ, ಕರಡಿನ ಕೆಳಗೆ ಮೂರು ಸಾಲು ಬರೆಯಿರಿ. ಈಗ ಎಲ್ಲಿದ್ದೇವೆ, ಮುಂದೆ ಏನಾಗುತ್ತದೆ, ಗೊತ್ತಿಲ್ಲದ್ದು ಏನು. ಆಸ್ತಿಪತ್ರಕ್ಕೆ ಸಹಿ ಹಾಕಿಸಿಕೊಳ್ಳಲು ಅಕ್ಕನ ಮನೆಗೆ ಬಂದ ತಮ್ಮನ ಕಥೆ ಅಂದುಕೊಳ್ಳಿ. ಒಂದು ದಿನದ ಮೂರು ಸಾಲು ಹೀಗಿರಬಹುದು:

ಎಲ್ಲಿದ್ದೇವೆ: ನೀರು ಕುಡಿದು ಲೋಟ ಕೆಳಗಿಟ್ಟ. ಪತ್ರ ಇನ್ನೂ ಚೀಲದಲ್ಲೇ ಇದೆ.
ಮುಂದೆ: ಅವನು ಬಾಯಿ ಬಿಡುವ ಮೊದಲೇ ಅಕ್ಕ ಕೇಳುತ್ತಾಳೆ, ಎಲ್ಲಿ ಸಹಿ ಹಾಕಬೇಕು ಅಂತ.
ಗೊತ್ತಿಲ್ಲ: ಭಾವ ಒಳಗಿದ್ದಾನೋ, ಹೊರಗೆ ಹೋಗಿದ್ದಾನೋ? ಅಕ್ಕನಿಗೆ ವಿಷಯ ಮೊದಲೇ ಹೇಳಿದವರು ಯಾರು?

ಮರುದಿನ ಕೂತಾಗ ಕೊನೆಯ ಒಂದು ಪುಟ ಮತ್ತು ಈ ಮೂರು ಸಾಲು ಮಾತ್ರ ಓದಬೇಕು. ಕೈಯಲ್ಲಿ ಪೆನ್ನಿಲ್ಲದೆ ಓದಬೇಕು, ಇದ್ದರೆ ತಿದ್ದದೆ ಇರುವುದು ಕಷ್ಟ. ಕಥೆಯ ಮೊದಲ ಪುಟಕ್ಕೆ ಕರಡು ಮುಗಿಯುವ ತನಕ ಹೋಗುವಂತಿಲ್ಲ. ಮುಂದೇನು ಎಂದು ಗೊತ್ತಿರುವಾಗಲೇ ಆ ದಿನದ ಕೆಲಸ ನಿಲ್ಲಿಸಬೇಕು ಎಂದು ಅಮೆರಿಕದ ಕಾದಂಬರಿಕಾರ ಹೆಮಿಂಗ್ವೇ ಹೇಳುತ್ತಿದ್ದ. ಮೂರು ಸಾಲಿನ ಹಿಂದೆ ಇರುವುದೂ ಅದೇ ತರ್ಕ. ದೃಶ್ಯವನ್ನು ಪೂರ್ತಿ ಮುಗಿಸಿ ಎದ್ದರೆ ಮರುದಿನ ಖಾಲಿ ಹಾಳೆ ಎದುರಾಗುತ್ತದೆ. ಮಾತಿನ ನಡುವೆ ನಿಲ್ಲಿಸಿ ಎದ್ದರೆ ಉತ್ತರ ಕೊಡಬೇಕಾದ ಪಾತ್ರ ಕಾಯುತ್ತಿರುತ್ತದೆ.

ಮೂರನೆಯ ಸಾಲನ್ನು ಕಡೆಗಣಿಸಬೇಡಿ. ಗೊತ್ತಿಲ್ಲದ್ದನ್ನು ಪ್ರಶ್ನೆಯಾಗಿ ಬರೆದಿಟ್ಟರೆ ಸ್ನಾನ ಮಾಡುವಾಗಲೋ ಬಸ್ಸಿನಲ್ಲೋ ಉತ್ತರ ಹೊಳೆಯುವ ಸಾಧ್ಯತೆ ಹೆಚ್ಚು. "ಕಥೆ ಮುಂದುವರಿಸಬೇಕು" ಎಂಬ ಮಸುಕಾದ ಯೋಚನೆಗೆ ಏನೂ ಹೊಳೆಯುವುದಿಲ್ಲ.

ಟಿಪ್ಪಣಿ ಪುಸ್ತಕ

ಜೇಬಿನಲ್ಲಿ ಹಿಡಿಸುವ ಪುಸ್ತಕ, ಇಲ್ಲವೇ ಫೋನಿನಲ್ಲಿ ಒಂದೇ ಒಂದು ಕಡತ. ಹತ್ತು ಕಡೆ ಹರಡಿದ ಟಿಪ್ಪಣಿ ಇದ್ದೂ ಇಲ್ಲದಂತೆ. ಬರೆದಿಡಬೇಕಾದ್ದು ಕಂಡದ್ದು, ಕೇಳಿದ್ದು. "ಒಂಟಿತನದ ಬಗ್ಗೆ ಕಥೆ ಬರೆಯಬೇಕು" ಎಂಬ ಟಿಪ್ಪಣಿಯಿಂದ ಆರು ತಿಂಗಳ ಮೇಲೆ ಏನೂ ಹುಟ್ಟುವುದಿಲ್ಲ. "ಆಸ್ಪತ್ರೆಯ ಸಾಲಿನಲ್ಲಿ ಒಬ್ಬ ಮುದುಕ ತನ್ನ ಚೀಟಿಯ ನಂಬರನ್ನು ಪಕ್ಕದವರಿಗೆಲ್ಲ ತೋರಿಸಿ ಸರಿ ಇದೆಯಾ ಎಂದು ಕೇಳುತ್ತಿದ್ದ, ಓದಲು ಬರುತ್ತಿತ್ತು" ಎಂಬುದರಿಂದ ಹುಟ್ಟಬಹುದು. ಕೇಳಿದ ಮಾತನ್ನು ಗ್ರಾಂಥಿಕಕ್ಕೆ ತಿರುಗಿಸದೆ, ಆಡಿದವರ ಬಾಯಲ್ಲಿ ಬಂದ ಹಾಗೇ ಬರೆದಿಡಿ. ಆಮೇಲೆ ಅದನ್ನು ನೆನಪಿನಿಂದ ಆಡುಮಾತಿಗೆ ತರಲು ಹೋದರೆ ಎಲ್ಲರ ಬಾಯಲ್ಲೂ ಒಂದೇ ಮಾತು ಬರುತ್ತದೆ.

ವಾರಕ್ಕೊಮ್ಮೆ ಹದಿನೈದು ನಿಮಿಷ ಈ ಪುಸ್ತಕ ತಿರುವಿ, ಜೀವ ಇದೆ ಅನ್ನಿಸಿದ್ದಕ್ಕೆ ಒಂದು ಗುರುತು ಹಾಕಿ. ಒಂದೇ ಟಿಪ್ಪಣಿಗೆ ಮೂರು ವಾರ ಗುರುತು ಬಿದ್ದರೆ ಅದು ಕಥೆಯಾಗಲು ತಯಾರಿದೆ. ಬಹುಪಾಲು ಕಥೆಗೆ ಒಂದಕ್ಕೊಂದು ಸಂಬಂಧವಿಲ್ಲದ ಎರಡು ಟಿಪ್ಪಣಿ ಬೇಕಾಗುತ್ತದೆ. ಒಂದರಿಂದ ಸನ್ನಿವೇಶ ಬರುತ್ತದೆ, ಇನ್ನೊಂದರಿಂದ ಮನುಷ್ಯ.

ಮೊದಲ ವಾಕ್ಯಕ್ಕೆ ಮುಂಚೆ ತೀರ್ಮಾನವಾಗಬೇಕಾದ್ದು

ಯಾರು, ಏನು ಬೇಕಾಗಿದೆ, ಅಡ್ಡ ಬರುವುದು ಏನು, ಯಾವಾಗಿನೊಳಗೆ ಆಗಬೇಕು. ಈ ನಾಲ್ಕಕ್ಕೂ ಒಂದೊಂದು ಸಾಲಿನಲ್ಲಿ ಉತ್ತರ ಬರೆಯಿರಿ. ಮೇಲಿನ ಕಥೆಯಲ್ಲಿ: ತಮ್ಮ, ಅಕ್ಕನ ಸಹಿ, ಐದು ವರ್ಷ ಅವಳ ಮನೆಗೆ ಕಾಲಿಡದವನು ಈಗ ಯಾವ ಮುಖದಿಂದ ಕೇಳಬೇಕು, ಸಂಜೆಯ ಬಸ್ಸಿನೊಳಗೆ. ನಾಲ್ಕನೆಯದನ್ನು ಹೆಚ್ಚಿನವರು ಬಿಡುತ್ತಾರೆ. ಗಡುವಿಲ್ಲದ ಕಥೆಯಲ್ಲಿ ಪಾತ್ರಗಳು ಕೂತು ಯೋಚಿಸುತ್ತಲೇ ಇರುತ್ತವೆ.

ಮುಕ್ತಾಯ ಮೊದಲೇ ಗೊತ್ತಿರಬೇಕೆ? ಸಣ್ಣಕಥೆಗೆ ಕೊನೆಯ ದೃಶ್ಯ ಎಲ್ಲಿ ನಡೆಯುತ್ತದೆ, ಯಾರು ಯಾರು ಇರುತ್ತಾರೆ ಎಂದು ಗೊತ್ತಿದ್ದರೆ ಒಳ್ಳೆಯದು. ಅಲ್ಲಿ ಏನಾಗುತ್ತದೆ ಎಂಬುದು ಬರೆಯುತ್ತ ತಿಳಿದರೂ ನಡೆಯುತ್ತದೆ. ಪೂರ್ತಿ ಯೋಜನೆ ಹಾಕದೆ ಬರೆಯುವುದೇ ನಿಜವಾದ ಸೃಜನಶೀಲತೆ ಎಂಬ ವಾದವನ್ನು ನಾವು ಒಪ್ಪುವುದಿಲ್ಲ. ಹಾಗೆ ಬರೆಯುವವರು ಆಮೇಲೆ ತಿದ್ದುವುದರಲ್ಲಿ ಆ ಬೆಲೆ ತೆರುತ್ತಾರೆ, ಅಷ್ಟೇ.

ಇನ್ನು ಭಾಷೆಗೆ ಸಂಬಂಧಿಸಿದ ಮೂರು ತೀರ್ಮಾನ. ಇವನ್ನು ಮುಂದೂಡಿದರೆ ಕನ್ನಡದಲ್ಲಿ ಬಹಳ ತೊಂದರೆ.

ಮೊದಲನೆಯದು, ನಿರೂಪಣೆಯಲ್ಲಿ ಯಾರಿಗೆ ಏಕವಚನ, ಯಾರಿಗೆ ಬಹುವಚನ. "ಅಪ್ಪ ಬಂದ" ಎನ್ನುತ್ತೀರೋ "ಅಪ್ಪ ಬಂದರು" ಎನ್ನುತ್ತೀರೋ? ಒಂದರಲ್ಲಿ ನಿರೂಪಕ ಅಪ್ಪನನ್ನು ದೂರ ನಿಂತು ನೋಡುತ್ತಾನೆ, ಇನ್ನೊಂದರಲ್ಲಿ ಮಗನಾಗಿ ತಲೆಯೆತ್ತಿ ನೋಡುತ್ತಾನೆ. ಹತ್ತು ಪುಟದ ಮೇಲೆ ಮನಸ್ಸು ಬದಲಾಯಿಸಿದರೆ ಪ್ರತಿ ಕ್ರಿಯಾಪದವನ್ನೂ ಕೈಯಾರೆ ತಿದ್ದಬೇಕು. ಬಂದ, ಹೋದ, ಕೂತಿದ್ದ, ಅವನು, ಅವನಿಗೆ, ಎಲ್ಲವೂ ಬದಲಾಗಬೇಕು. ಕಂಪ್ಯೂಟರಿನ ಹುಡುಕಿ-ಬದಲಿಸುವ ಸೌಲಭ್ಯ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಏಕೆಂದರೆ ಅದೇ "ಬಂದ" ಬೇರೆ ಪಾತ್ರಕ್ಕೂ ಇರುತ್ತದೆ, "ಬಂದದ್ದು" "ಬಂದಾಗ" ಗಳೊಳಗೂ ಇರುತ್ತದೆ.

ಎರಡನೆಯದು, ನಿರೂಪಣೆಯ ಕಾಲ. "ಬಾಗಿಲು ತೆರೆದಳು" ಎಂದು ಶುರುಮಾಡಿ ಉದ್ವೇಗದ ಜಾಗದಲ್ಲಿ "ತೆರೆಯುತ್ತಾಳೆ" ಎಂದು ಜಾರುವುದು ಹೊಸಬರಲ್ಲಿ ತುಂಬಾ ಸಾಮಾನ್ಯ. ಬೇಕೆಂದೇ ಮಾಡಿದರೆ ಅದು ಬೇರೆ. ಇಲ್ಲವಾದರೆ ಭೂತಕಾಲವನ್ನೇ ಹಿಡಿಯಿರಿ.

ಮೂರನೆಯದು, ನಿರೂಪಣೆಗೆ ಯಾವ ಕನ್ನಡ, ಮಾತಿಗೆ ಯಾವ ಕನ್ನಡ. ನಿರೂಪಣೆ ಬರಹದ ಕನ್ನಡದಲ್ಲಿ, ಸಂಭಾಷಣೆ ಆಡುಮಾತಿನಲ್ಲಿ ಎಂಬುದು ಹೆಚ್ಚು ರೂಢಿಯಲ್ಲಿರುವ ದಾರಿ. ಪ್ರಾದೇಶಿಕ ಮಾತು ತರುವುದಾದರೆ ಆ ಮಾತಿನ ಎರಡು ಮೂರು ಲಕ್ಷಣ ಆರಿಸಿಕೊಂಡು ಉದ್ದಕ್ಕೂ ಅವನ್ನೇ ಪಾಲಿಸಿ. ಎಲ್ಲ ಉಚ್ಚಾರವನ್ನೂ ಲಿಪಿಯಲ್ಲಿ ಹಿಡಿಯಲು ಹೋದರೆ ಓದುಗ ಪಾತ್ರವನ್ನು ಬಿಟ್ಟು ಕಾಗುಣಿತ ಬಿಡಿಸುತ್ತ ಕೂರುತ್ತಾನೆ. ನಿಮಗೆ ಕಿವಿಯಿಂದ ಗೊತ್ತಿಲ್ಲದ ಮಾತನ್ನು ಪುಸ್ತಕ ನೋಡಿ ಬರೆಯಲೇಬೇಡಿ. ಆ ಕಡೆಯವರು ಮೊದಲ ಸಾಲಿಗೇ ಹಿಡಿಯುತ್ತಾರೆ.

ದೃಶ್ಯದ ಚೀಟಿಗಳು

2500 ಪದಕ್ಕೆ ಐದರಿಂದ ಏಳು ದೃಶ್ಯ ಸಾಕು. ಪ್ರತಿ ದೃಶ್ಯಕ್ಕೂ ಅಂಗೈ ಅಗಲದ ಒಂದು ಚೀಟಿ. ಅದರಲ್ಲಿ ಎಲ್ಲಿ, ಯಾರು, ಏನು ಬದಲಾಗುತ್ತದೆ. ಮೂರನೆಯದಕ್ಕೆ ಉತ್ತರ ಇಲ್ಲದ ಚೀಟಿ ದೃಶ್ಯವಲ್ಲ. "ತಮ್ಮ ಬಸ್ಸಿನಲ್ಲಿ ಕೂತು ಹಳೆಯದನ್ನು ನೆನೆಯುತ್ತಾನೆ" ಎಂಬ ಚೀಟಿಯಲ್ಲಿ ಏನೂ ಬದಲಾಗುವುದಿಲ್ಲ. ಹತ್ತು ಜನ ಹೊಸಬರಲ್ಲಿ ಐದಾರು ಜನರ ಕಥೆ ಇಲ್ಲೇ, ಪ್ರಯಾಣದಲ್ಲೋ ಕಿಟಕಿಯ ಬಳಿಯೋ, ಶುರುವಾಗುತ್ತದೆ ಎಂದರೆ ಅತಿಶಯೋಕ್ತಿಯಾಗಲಾರದು. ಆ ಚೀಟಿ ಎಸೆದು ಅವನನ್ನು ನೇರ ಅಕ್ಕನ ಬಾಗಿಲಿಗೆ ತಂದು ನಿಲ್ಲಿಸಿ. ಹಳೆಯದು ಬೇಕಾದಾಗ ಒಂದೆರಡು ವಾಕ್ಯದಲ್ಲಿ ಬರುತ್ತದೆ.

ಚೀಟಿಗಳನ್ನು ಮೇಜಿನ ಮೇಲೆ ಹರಡಿ, ಯಾವುದಾದರೂ ಒಂದನ್ನು ಎತ್ತಿಡಿ. ಕಥೆಗೆ ಏನೂ ಆಗದಿದ್ದರೆ ಅದು ಬೇಕಿರಲಿಲ್ಲ. ಎರಡು ಚೀಟಿಗಳಲ್ಲಿ ಒಂದೇ ಬದಲಾವಣೆ ಇದ್ದರೆ ಒಂದು ಮಾಡಿ.

ಮೊದಲ ಕರಡು: ಮುಂದಕ್ಕೆ ಮಾತ್ರ

ಕರಡು ಬರೆಯುವಾಗ ಹಿಂದಕ್ಕೆ ಹೋಗಲು ನೆಪಗಳು ಸಾಲುಸಾಲಾಗಿ ಬರುತ್ತವೆ. ಪಾತ್ರದ ಹೆಸರು ಸರಿ ಇಲ್ಲ, ಆ ಕಾಲದಲ್ಲಿ ಆ ಊರಿಗೆ ಬಸ್ಸಿತ್ತೋ ಇಲ್ಲವೋ, ಭಾವನ ಕೆಲಸ ಏನು. ಯಾವುದಕ್ಕೂ ನಿಲ್ಲಬೇಡಿ. ಎರಡು ಪ್ರಶ್ನಾರ್ಥಕ ಚಿಹ್ನೆ ಹಾಕಿ, ಪಕ್ಕದಲ್ಲಿ ಒಂದು ಪದ ಬರೆದು ಮುಂದೆ ಹೋಗಿ: "??ಬಸ್ಸು". ಕರಡು ಮುಗಿದ ಮೇಲೆ ಆ ಚಿಹ್ನೆ ಹುಡುಕಿದರೆ ಎಲ್ಲವೂ ಸಿಗುತ್ತವೆ. ಮಾಹಿತಿ ಹುಡುಕಲಿಕ್ಕೆಂದು ನಡುವೆ ಇಂಟರ್ನೆಟ್ ತೆರೆದರೆ ಆ ದಿನದ 45 ನಿಮಿಷ ಹೋಯಿತು ಎಂದೇ ಲೆಕ್ಕ.

ನಾಲ್ಕನೆಯ ದೃಶ್ಯದಲ್ಲಿ ಭಾವನ ಪಾತ್ರವೇ ಬೇಡ ಅನ್ನಿಸಿದರೆ? ಆಗಲೂ ಹಿಂದಕ್ಕೆ ಹೋಗಿ ಅಳಿಸಬೇಡಿ. "ಇಲ್ಲಿಂದ ಭಾವ ಇಲ್ಲ" ಎಂದು ಅಂಚಿನಲ್ಲಿ ಬರೆದು, ಅವನು ಮೊದಲಿಂದಲೂ ಇರಲೇ ಇಲ್ಲ ಎಂಬಂತೆ ಮುಂದುವರಿಸಿ. ಇನ್ನೆರಡು ದೃಶ್ಯದ ನಂತರ ಅವನು ಬೇಕಾಗಬಹುದು.

ಕರಡು ಕೆಟ್ಟದಾಗಿರುತ್ತದೆ, ಇರಲಿ. ಬರೆಯುವಾಗಲೇ ತೂಗಿ ನೋಡುತ್ತ ಹೋದರೆ ಎರಡೂ ಕೆಲಸ ಕೆಡುತ್ತವೆ. ಮುಂದೆ ಏನಾಗುತ್ತದೆ ಎಂದು ಕಾಣುವ ಕಣ್ಣು ಬೇರೆ, ವಾಕ್ಯದಲ್ಲಿ ಯಾವ ಪದ ಹೆಚ್ಚಾಯಿತು ಎಂದು ಕಾಣುವ ಕಣ್ಣು ಬೇರೆ.

ನಡುವೆ ಸಿಕ್ಕಿಕೊಂಡರೆ

ಎರಡು ದಿನ ಕೂತರೂ ಒಂದು ಸಾಲು ಮುಂದೆ ಹೋಗದಿದ್ದರೆ ಕಾರಣವನ್ನು ಮನಸ್ಸಿನಲ್ಲಿ ಹುಡುಕಬೇಡಿ, ಕಥೆಯಲ್ಲಿ ಹುಡುಕಿ. ತೊಂದರೆ ಹೆಚ್ಚಿನ ಸಲ ನಿಂತ ಜಾಗದಲ್ಲಿ ಇರುವುದಿಲ್ಲ, ಅದಕ್ಕಿಂತ ಒಂದು ದೃಶ್ಯ ಹಿಂದೆ ಇರುತ್ತದೆ. ಅಲ್ಲಿ ಪಾತ್ರಕ್ಕೆ ಬೇಕಾದ್ದು ಸುಲಭವಾಗಿ ಸಿಕ್ಕಿಬಿಟ್ಟಿರುತ್ತದೆ. ಅಕ್ಕ ಕೇಳಿದ ಕೂಡಲೇ ಸಹಿ ಹಾಕಿಕೊಟ್ಟರೆ ಆಮೇಲೆ ತಮ್ಮನಿಗೆ ಆ ಮನೆಯಲ್ಲಿ ಕೆಲಸವೇ ಇಲ್ಲ, ನಿಮಗೂ ಇಲ್ಲ. ಹಿಂದಿನ ದೃಶ್ಯದ ಕೊನೆಯ ಮಾತಿಗೆ ಉಲ್ಟಾ ಉತ್ತರ ಬರೆದು ನೋಡಿ: ಹೂಂ ಎಂದಿದ್ದರೆ ಊಹೂಂ, ಇಲ್ಲವೇ ಹೂಂ, ಆದರೆ ಒಂದು ಷರತ್ತು.

ಅದೂ ಅಲ್ಲದಿದ್ದರೆ ದೃಷ್ಟಿಕೋನ ತಪ್ಪಿರಬಹುದು. ಸಿಕ್ಕಿಕೊಂಡ ದೃಶ್ಯವನ್ನು ಇನ್ನೊಂದು ಪಾತ್ರದ ಕಣ್ಣಿನಿಂದ ಒಂದು ಪುಟ ಬರೆಯಿರಿ. ಕಥೆಗೆ ಸೇರಿಸಲಿಕ್ಕಲ್ಲ, ತಿಳಿಯಲಿಕ್ಕೆ. ಆ ಪುಟ ಸಲೀಸಾಗಿ ಓಡಿದರೆ ಕಥೆ ಯಾರದು ಎಂಬುದನ್ನೇ ಮತ್ತೆ ಯೋಚಿಸಬೇಕು.

ಮೂರನೆಯ ಕಾರಣ ತೀರಾ ಸರಳ. ಮುಂದಿನ ದೃಶ್ಯ ನಿಮಗೇ ಬೇಸರ ತರಿಸುತ್ತಿರುತ್ತದೆ. ಹಾಗಿದ್ದರೆ ಓದುಗನಿಗೂ ತರಿಸುತ್ತದೆ. "ಮರುದಿನ ಬೆಳಿಗ್ಗೆ" ಎಂದು ಬರೆದು ಅದನ್ನು ದಾಟಿಬಿಡಿ.

ಕರಡನ್ನು ಎತ್ತಿಡುವುದು

ಮುಗಿದ ಕರಡನ್ನು ಸಣ್ಣಕಥೆಯಾದರೆ ಎರಡು ವಾರ, ಕಾದಂಬರಿಯಾದರೆ ಕನಿಷ್ಠ ಆರು ವಾರ ಮುಟ್ಟಬಾರದು. ಬರೆದ ಕೂಡಲೇ ಓದಿದರೆ ಹಾಳೆಯಲ್ಲಿ ಇಲ್ಲದ್ದನ್ನೂ ತಲೆ ತುಂಬಿಕೊಂಡು ಓದುತ್ತದೆ. ಈ ಎರಡು ವಾರದಲ್ಲಿ ಮುಂದಿನ ಕಥೆಯ ಚೀಟಿ ಶುರುಮಾಡಿ. ದಿನದ 45 ನಿಮಿಷ ಮಾತ್ರ ಬಿಡಬೇಡಿ.

ತಿದ್ದುವುದು ಮೂರು ಸುತ್ತು

ಎಲ್ಲವನ್ನೂ ಒಟ್ಟಿಗೆ ತಿದ್ದಬಾರದು. ಆಮೇಲೆ ಕಿತ್ತುಹಾಕುವ ದೃಶ್ಯದ ವಾಕ್ಯಗಳನ್ನು ಒಪ್ಪ ಮಾಡುತ್ತ ಕೂತರೆ ಶ್ರಮ ವ್ಯರ್ಥ. ಅದಕ್ಕಿಂತ ಕೆಟ್ಟದ್ದೆಂದರೆ, ಒಪ್ಪ ಮಾಡಿದ್ದರಿಂದಲೇ ಕಿತ್ತುಹಾಕಲು ಮನಸ್ಸು ಬರುವುದಿಲ್ಲ.

ಮೊದಲ ಸುತ್ತಿನಲ್ಲಿ ಪ್ರಿಂಟ್ ತೆಗೆದು ಒಂದೇ ಸಲಕ್ಕೆ ಓದಿ, ಪ್ರತಿ ಪ್ಯಾರಾದ ಅಂಚಿನಲ್ಲಿ ಅಲ್ಲಿ ಏನಾಗುತ್ತದೆ ಎಂದು ಎರಡು ಮೂರು ಪದದಲ್ಲಿ ಬರೆಯಿರಿ. ಆಮೇಲೆ ಅಂಚನ್ನು ಮಾತ್ರ ಓದಿ. "ನೆನಪು, ನೆನಪು, ಹವೆ, ನೆನಪು, ತಮ್ಮ ಬಾಗಿಲು ತಟ್ಟಿದ" ಎಂದಿದ್ದರೆ ಕಥೆ ಐದನೆಯ ಪ್ಯಾರಾದಿಂದ ಶುರುವಾಗುತ್ತದೆ ಎಂದು ಅಂಚೇ ಹೇಳುತ್ತಿದೆ. ಮೊದಲ ಕರಡಿನ ಆರಂಭ ಬರೆಯುವವರು ಕಥೆಯೊಳಗೆ ಹೋಗಲು ಮಾಡಿಕೊಂಡ ಸಿದ್ಧತೆ. ಓದುಗನಿಗೆ ಅದು ಬೇಡ.

ಎರಡನೆಯ ಸುತ್ತು ದೃಶ್ಯಗಳದ್ದು. ಒಂದು ಉದಾಹರಣೆ ಹತ್ತಿರದಿಂದ ನೋಡೋಣ. ಕರಡಿನಲ್ಲಿ ಹೀಗಿದೆ ಅಂದುಕೊಳ್ಳಿ:

ಅಕ್ಕನಿಗೆ ತುಂಬಾ ಬೇಸರವಾಯಿತು. ಅವಳು ತಮ್ಮನ ಕಡೆ ನೋಡಿದಳು. ತನ್ನನ್ನು ಬರೀ ಸಹಿಗಾಗಿ ನೆನಪಿಸಿಕೊಂಡಿದ್ದಾನೆ ಎಂದು ಅವಳಿಗೆ ಅನಿಸಿತು. ಅವಳ ಕಣ್ಣುಗಳಲ್ಲಿ ನೀರು ತುಂಬಿಕೊಳ್ಳಲು ಪ್ರಾರಂಭಿಸಿತು. "ನೀನು ಇದಕ್ಕಾಗಿಯೇ ಬಂದಿರುವೆಯಾ?" ಎಂದು ಅವಳು ದುಃಖದಿಂದ ಕೇಳಿದಳು.

ತಿದ್ದಿದ ಮೇಲೆ:

"ಎಲ್ಲಿ ಹಾಕಬೇಕು?" ಅಂದಳು ಅಕ್ಕ.
ತಮ್ಮ ಚೀಲಕ್ಕೆ ಕೈ ಹಾಕಿದವನು ಹಾಗೇ ನಿಂತ. ಅವನಿನ್ನೂ ಪತ್ರದ ಮಾತೇ ಎತ್ತಿರಲಿಲ್ಲ.
"ಪೆನ್ನು ತಂದಿದೀಯೋ, ಅದನ್ನೂ ನಾನೇ ಹುಡುಕಬೇಕೋ?"

26 ಪದ 19 ಆಯಿತು, ಅದು ಸಣ್ಣ ವಿಷಯ. ಬೇಸರ, ದುಃಖ, ಕಣ್ಣೀರು ಮೂರೂ ಹೋದವು, ಆದರೆ ಅಕ್ಕನ ನೋವು ಹೆಚ್ಚೇ ಕಾಣುತ್ತದೆ. ಏಕೆಂದರೆ ಅದನ್ನು ಈಗ ಓದುಗನೇ ಊಹಿಸಬೇಕು. "ಬಂದಿರುವೆಯಾ" ಎಂದು ಯಾವ ಅಕ್ಕನೂ ಕೇಳುವುದಿಲ್ಲ, ಅದು ನಾಟಕದ ಮಾತು. ಎಲ್ಲಕ್ಕಿಂತ ಮುಖ್ಯ, ಅಕ್ಕನಿಗೆ ವಿಷಯ ಮೊದಲೇ ಗೊತ್ತಿತ್ತು ಎಂಬ ಹೊಸ ಸಂಗತಿ ದೃಶ್ಯಕ್ಕೆ ಬಂತು, ತಮ್ಮನ ಲೆಕ್ಕಾಚಾರ ತಲೆಕೆಳಗಾಯಿತು. ಭಾವನೆಯ ಹೆಸರು ಬಂದ ಪ್ರತಿ ಜಾಗದಲ್ಲೂ ಹೀಗೆ ನಿಂತು ಕೇಳಿಕೊಳ್ಳಿ: ಈ ಭಾವನೆಯಲ್ಲಿರುವ ಇವಳು ಈಗ ಏನು ಮಾಡುತ್ತಾಳೆ, ಕೈಯಲ್ಲಿ ಏನು ಹಿಡಿಯುತ್ತಾಳೆ, ಯಾವ ಮಾತನ್ನು ಆಡದೆ ಬಿಡುತ್ತಾಳೆ?

ಸಂಭಾಷಣೆಯಲ್ಲಿ ನೀನು-ನೀವುಗಳ ಮೇಲೆ ಒಂದು ಕಣ್ಣಿಡಿ. ಉದ್ದಕ್ಕೂ "ನೀವು" ಅನ್ನುತ್ತಿದ್ದ ಸೊಸೆ ಒಂದೇ ಒಂದು ಸಲ "ನೀನು" ಅಂದರೆ ಅರ್ಧ ಪುಟದ ಜಗಳ ಬರೆಯುವ ಕೆಲಸ ತಪ್ಪುತ್ತದೆ. ಆದರೆ ಅಜಾಗರೂಕತೆಯಿಂದ ಅಲ್ಲಲ್ಲಿ ಬದಲಾಗಿದ್ದರೆ ಈ ಏಟು ತಾಗುವುದಿಲ್ಲ. ಒಬ್ಬರನ್ನೊಬ್ಬರು ಏನೆಂದು ಕರೆಯುತ್ತಾರೆ ಎಂಬುದನ್ನು ಒಂದು ಹಾಳೆಯಲ್ಲಿ ಪಟ್ಟಿ ಮಾಡಿಕೊಂಡು ಹೋಲಿಸಿ ನೋಡಿ.

ಮೂರನೆಯ ಸುತ್ತು ವಾಕ್ಯಗಳದ್ದು, ಇದನ್ನು ಗಟ್ಟಿಯಾಗಿ ಓದುತ್ತಲೇ ಮಾಡಬೇಕು. ಉಸಿರು ಸಾಲದ ವಾಕ್ಯವನ್ನು ಒಡೆಯಿರಿ. ನಾಲಿಗೆ ತೊಡರಿದ ಜಾಗಕ್ಕೆ ಗುರುತು ಹಾಕಿ. ಕನ್ನಡ ಕರಡುಗಳಲ್ಲಿ ಪದೇ ಪದೇ ಸಿಗುವ ಕಳೆ ಇವು:

"ಅಳಲು ಪ್ರಾರಂಭಿಸಿದಳು", "ನಡೆಯತೊಡಗಿದನು". ಕೆಲಸ ನಡುವೆ ತಡೆದು ನಿಲ್ಲದಿದ್ದರೆ ಅತ್ತಳು, ನಡೆದ ಸಾಕು.
"ನೋಡಿದಳು", "ಕೇಳಿಸಿತು", "ಅನಿಸಿತು". ಯಾರ ಕಣ್ಣಿನ ಕಥೆ ಎಂದು ಒಮ್ಮೆ ಗೊತ್ತಾದ ಮೇಲೆ "ಬಾಗಿಲು ತೆರೆದಿರುವುದನ್ನು ನೋಡಿದಳು" ಬೇಡ, "ಬಾಗಿಲು ತೆರೆದಿತ್ತು" ಸರಿ.
ಪ್ರತಿ ವಾಕ್ಯದ ಮೊದಲು ಅವನು, ಅವಳು. ಕ್ರಿಯಾಪದವೇ ಲಿಂಗ ವಚನ ಹೇಳುವಾಗ ಸರ್ವನಾಮವನ್ನು ಅರ್ಧಕ್ಕರ್ಧ ಕಳೆಯಬಹುದು. ಇಬ್ಬರು ಗಂಡಸರೋ ಇಬ್ಬರು ಹೆಂಗಸರೋ ಇರುವ ದೃಶ್ಯದಲ್ಲಿ ಮಾತ್ರ ಗೊಂದಲವಾಗುತ್ತದೆ. ಅಲ್ಲಿ ಹೆಸರನ್ನೇ ಬಳಸಿ.
"ಎಂದು ಹೇಳಿದನು", "ಎಂದು ಉತ್ತರಿಸಿದನು", "ಎಂದು ಪ್ರಶ್ನಿಸಿದಳು". ಅಂದ, ಅಂದಳು, ಕೇಳಿದಳು ಕಣ್ಣಿಗೆ ಬೀಳದೆ ಕೆಲಸ ಮಾಡುತ್ತವೆ. ಇಬ್ಬರೇ ಮಾತಾಡುತ್ತಿದ್ದರೆ ನಾಲ್ಕು ಸಾಲಿಗೊಮ್ಮೆ ಬಂದರೂ ಸಾಕು.
"-ಕೊಂಡು", "-ತ್ತಾ" ಸರಪಳಿ. "ಚೀಲ ಹಿಡಿದುಕೊಂಡು ಚಪ್ಪಲಿ ಹಾಕಿಕೊಂಡು ಗೊಣಗಿಕೊಳ್ಳುತ್ತಾ ಹೊರಟ." ಒಂದು ವಾಕ್ಯಕ್ಕೆ ಒಂದೇ ಇರಲಿ.

ಈ ಸುತ್ತಿನ ಕೊನೆಗೆ ಕಥೆ ಹತ್ತರಲ್ಲಿ ಒಂದು ಪಾಲು ಕಡಿಮೆಯಾಗಿರಬೇಕು, 2500 ಇದ್ದದ್ದು 2250. ಅಷ್ಟು ಕಡಿಮೆಯಾಗದಿದ್ದರೆ ನೀವಿನ್ನೂ ಪ್ರೀತಿಯಿಂದ ಓದುತ್ತಿದ್ದೀರಿ. ಕಿತ್ತ ಸಾಲುಗಳನ್ನು ಬೇರೆ ಕಡತಕ್ಕೆ ಹಾಕಿಡಿ. ಮುಂದೆ ಬಳಸುವುದು ಅಪರೂಪ, ಆದರೆ ಎಲ್ಲೋ ಇದೆ ಎಂಬ ಧೈರ್ಯಕ್ಕೆ ಕೈ ಸಲೀಸಾಗಿ ಕೀಳುತ್ತದೆ.

ಬೇರೆಯವರಿಗೆ ಓದಲು ಕೊಡುವಾಗ

ಎರಡು ಮೂರು ಜನ ಸಾಕು, ಅವರಲ್ಲಿ ಒಬ್ಬರಾದರೂ ಬರೆಯದೆ ಬರೀ ಓದುವವರು ಇರಲಿ. "ಹೇಗಿದೆ?" ಎಂದು ಕೇಳಿದರೆ "ಚೆನ್ನಾಗಿದೆ" ಎಂಬ ಉತ್ತರವೇ ಬರುತ್ತದೆ. ಹೀಗೆ ಕೇಳಿ: ಎಲ್ಲಿ ಓದುವುದನ್ನು ನಿಲ್ಲಿಸಿ ಎದ್ದಿರಿ? ಯಾವ ಸಾಲು ಎರಡು ಸಲ ಓದಬೇಕಾಯಿತು? ನಡುವೆ, ಮುಂದೇನಾಗುತ್ತದೆ ಅಂದುಕೊಂಡಿರಿ? ಉತ್ತರ ಕೇಳುವಾಗ ಕಥೆಯನ್ನು ವಿವರಿಸಬೇಡಿ, ಸಮರ್ಥಿಸಿಕೊಳ್ಳಬೇಡಿ, ಬರೆದುಕೊಳ್ಳಿ ಅಷ್ಟೇ. ಇಬ್ಬರು ಒಂದೇ ಜಾಗದಲ್ಲಿ ಎಡವಿದ್ದರೆ ದೋಷ ಅಲ್ಲಿ ಖಂಡಿತ ಇದೆ. ಅವರು ಸೂಚಿಸುವ ಪರಿಹಾರ ಮಾತ್ರ ಹೆಚ್ಚಿನ ಸಲ ಸರಿ ಇರುವುದಿಲ್ಲ, ಅದನ್ನು ನೀವೇ ಹುಡುಕಬೇಕು. ಮನೆಯವರಿಗೆ ಮೊದಲು ಕೊಡುವುದು ಒಳ್ಳೆಯದಲ್ಲ. ಅಕ್ಕ ಯಾರು, ತಮ್ಮ ಯಾರು ಎಂದು ಹುಡುಕುವುದರಲ್ಲೇ ಅವರ ಓದು ಮುಗಿಯುತ್ತದೆ.

ಕಾದಂಬರಿಯಾದರೆ

ವಿಧಾನ ಇದೇ, ಒಂದು ಹಾಳೆ ಹೆಚ್ಚು ಬೇಕು. ಅದರಲ್ಲಿ ಪ್ರತಿ ಪಾತ್ರದ ಹೆಸರು, ಹುಟ್ಟಿದ ವರ್ಷ, ಯಾರಿಗೆ ಏನಾಗಬೇಕು, ಗುರುತಿಗೆ ಒಂದು ವಿವರ. ಪಕ್ಕದಲ್ಲಿ ಅಧ್ಯಾಯಗಳ ದಿನಾಂಕ. ಮೂರನೆಯ ಅಧ್ಯಾಯದಲ್ಲಿ ಐದು ತಿಂಗಳ ಬಸುರಿ ಹನ್ನೊಂದನೆಯ ಅಧ್ಯಾಯದಲ್ಲಿ, ಕಥೆಯಲ್ಲಿ ಒಂದು ವರ್ಷ ಕಳೆದ ಮೇಲೂ, ಬಸುರಿಯಾಗಿಯೇ ಇರುವುದು ಈ ಹಾಳೆ ಇಲ್ಲದವರಿಗೆ ಆಗುವಂಥದ್ದು. ಮುಖ್ಯ ಪಾತ್ರಗಳ ಹೆಸರು ಒಂದೇ ಅಕ್ಷರದಿಂದ ಶುರುವಾಗದಂತೆ ನೋಡಿಕೊಳ್ಳಿ, ವೇಗವಾಗಿ ಓದುವವರಿಗೆ ಅದಲುಬದಲಾಗುತ್ತದೆ. ಪ್ರತಿ ಅಧ್ಯಾಯ ಮುಗಿದಾಗ ಐದು ಸಾಲಿನ ಸಾರಾಂಶ ಬರೆದಿಡಿ. ಎಂಟು ತಿಂಗಳ ಮೇಲೆ 200 ಪುಟ ಮತ್ತೆ ಓದುವ ಬದಲು ಅದನ್ನು ಓದಿ ಒಳಗೆ ಹೋಗಬಹುದು.

ಕಳಿಸುವ ಮುನ್ನ

ಕಡತದ ಹೆಸರಿನಲ್ಲಿ ದಿನಾಂಕ ಇರಲಿ. "ಕೊನೆಯ ಪ್ರತಿ", "ನಿಜವಾದ ಕೊನೆಯ ಪ್ರತಿ" ಎಂಬ ಹೆಸರುಗಳಿಂದ ಹಳೆಯ ಕರಡು ಸಂಪಾದಕರ ಕೈ ಸೇರುವುದುಂಟು. ಪ್ರತಿ ಸುತ್ತಿಗೂ ಹೊಸ ಕಡತ, ಒಂದು ನಕಲು ಕಂಪ್ಯೂಟರಿನಿಂದ ಹೊರಗೆ. ಯೂನಿಕೋಡಿನಲ್ಲೇ ಟೈಪ್ ಮಾಡಿ. ಹಳೆಯ ಫಾಂಟಿಗೆ ಬದಲಾಯಿಸಿ ಕೊಡಬೇಕಾಗಿ ಬಂದರೆ ಬದಲಾಯಿಸಿದ ಪ್ರತಿಯನ್ನು ಮತ್ತೊಮ್ಮೆ ಪೂರ್ತಿ ಓದಿ. ಅರ್ಕಾವೊತ್ತು, ಒತ್ತಕ್ಷರ, ಉದ್ಧರಣ ಚಿಹ್ನೆಗಳು ಕೆಡುವುದು ಅಲ್ಲೇ.

ತಿದ್ದುವುದನ್ನು ಎಲ್ಲಿ ನಿಲ್ಲಿಸಬೇಕು ಎಂಬುದಕ್ಕೆ ಅಳತೆ ಇದೆ. ಒಂದು ಸುತ್ತಿನಲ್ಲಿ ಮಾಡಿದ ಬದಲಾವಣೆಗಳನ್ನು ನೋಡಿ. ಅವುಗಳಿಂದ ಕಥೆ ಬೇರೆಯಾಗಿ ಅರ್ಥವಾಗುತ್ತಿದ್ದರೆ ಇನ್ನೊಂದು ಸುತ್ತು ಬೇಕು. "ಮೆಲ್ಲಗೆ" ಇದ್ದದ್ದು "ನಿಧಾನವಾಗಿ" ಆಗಿದ್ದರೆ, ಅದೂ ಮರುದಿನ ಮತ್ತೆ "ಮೆಲ್ಲಗೆ" ಆಗಿದ್ದರೆ, ಕೆಲಸ ಮುಗಿದಿದೆ. ಪತ್ರಿಕೆಯ ಪದಮಿತಿ ಒಮ್ಮೆ ನೋಡಿ ಕಳಿಸಿ. ಕಳಿಸಿದ ದಿನಾಂಕ ಬರೆದಿಟ್ಟುಕೊಳ್ಳಿ. ಉತ್ತರ ಬರುವ ತನಕ ಆ ಕಡತ ತೆರೆಯಬೇಡಿ.